ಕೇಳಿಸಲಿಲ್ಲ ಎಂದವನ ಹೆಡ್‌ಫೋನು

ಒಂದಾನೊಂದು ಕಾಲದಲ್ಲಿ, ಎಂದರೆ ಮೊನ್ನೆ ಮಂಗಳವಾರ, ಒಬ್ಬ ಪತ್ತೇದಾರಿಣಿ ಒಬ್ಬ ಅಜ್ಜಿಯ ಕೈ ಹಿಡಿದು ಮಾತು ಕೊಟ್ಟಳು. “ನಿಮ್ಮ ಮೊಮ್ಮಗಳನ್ನ ಕಳ್ಳಿ ಅಂದ ಬಾಯಿಂದಲೇ ಅವಳು ಕದ್ದಿಲ್ಲ ಅಂತ ಹೇಳಿಸ್ತೀನಿ. ಅದೂ ನಿಮ್ಮ ಕಿವಿಗೇ.” ಕಥೆಗಳಲ್ಲಿ ಇಂಥ ಮಾತು ಕೊಟ್ಟವರಿಗೆ ದಾರಿಯಲ್ಲಿ ಹಾರುವ ಕುದುರೆ ಸಿಗುತ್ತದೆ, ಇಲ್ಲವೇ ಮಾತಾಡುವ ಗಿಳಿ. ನಮ್ಮ ಪತ್ತೇದಾರಿಣಿಗೆ ಸಿಕ್ಕಿದ್ದು ಅಕ್ಕನ ಗಂಡ.

ಆ ಭಾವ ಈಗ, ಶುಕ್ರವಾರ ಬೆಳಿಗ್ಗೆ, ಹೆಡ್‌ಫೋನ್ ಅಂಗಡಿಯೊಂದರ ತಿರುಗುಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಎರಡೂ ಕಿವಿಗೆ ಚಹಾ ತಟ್ಟೆಯಷ್ಟಗಲದ ಬಟ್ಟಲು. ಮುಖದಲ್ಲಿ ಮಾತ್ರ ಕಹಿ ಔಷಧಿ ಕುಡಿದ ಕಳೆ.

“ಹೇಗಿದೆ?” ಅಂಗಡಿಯಾಕೆ ಕೇಳಿದಳು.

“ಹಾಡೋರು ನೆಗಡಿಯಾಗಿ ಹೊದ್ದು ಮಲಗಿದ ಹಾಗಿದೆ ಕಣಮ್ಮ.”

“ಇರಲೇಬೇಕಲ್ಲ. ಫೋನಿಗೆ ಚುಚ್ಚಿದರೆ ಸಾಕು ಅಂತ ಹಟ ಹಿಡಿದೋರು ನೀವೇ ತಾನೆ?”

ಭಾವ ದಂತವೈದ್ಯರು. ದಿನವಿಡೀ ಡ್ರಿಲ್ಲಿನ ಕಿರುಚಾಟ ಕೇಳಿ ಕೇಳಿ, ಸಂಜೆಯಾದರೂ ಒಳ್ಳೆಯ ಹಾಡು ಕಿವಿಗೆ ಬೀಳಲಿ ಎನ್ನುವುದು ಅವರ ಬಹುದಿನದ ಆಸೆ. ಅವರ ಸ್ಪೀಕರಿನ ಮೇಲೆ ಹೆಂಡತಿ ನಿಷೇಧ ಹಾಕಿಯಾಗಿತ್ತು. ಹೀಗಿರುವಾಗ ನಾದಿನಿಯೇ ಬಂದು, “ಭಾವ, ಪ್ಲೇನರ್ ಹೆಡ್‌ಫೋನ್ ಅಂತ ಏನೋ ಇದೆಯಂತೆ, ನಂಗೆ ಅದನ್ನ ನೋಡಬೇಕು, ಬರ್ತೀರಾ?” ಎಂದಾಗ ಅವರು ಕ್ಲಿನಿಕ್ಕಿಗೆ ಬೀಗ ಹಾಕಿ, ಗಾಳಿಯಲ್ಲಿ ತೇಲುತ್ತಲೇ ಬಂದಿದ್ದರು.

ನಾದಿನಿಯನ್ನು ಬೀದಿಯವರೆಲ್ಲ ಪತ್ತೆ ಅತ್ತೆ ಎನ್ನುತ್ತಿದ್ದರು. ಅಣ್ಣನ ಮಕ್ಕಳು ಇಟ್ಟ ಹೆಸರು. ಈಗ ಪೋಲೀಸರೂ ಹಾಗೇ ಕರೆಯುತ್ತಿದ್ದರು. ಅವಳಿಗೆ ಹಾಡಿನ ಹುಚ್ಚಿರಲಿಲ್ಲ. ಅವಳ ತಲೆ ತಿನ್ನುತ್ತಿದ್ದುದು ಬೇರೆ.

ರಾಕ್ಷಸನ ಪ್ರಾಣ ಗಿಳಿಯೊಳಗಿತ್ತಂತೆ. ಪಕ್ಕದ ಬೀದಿಯ ರೆಕಾರ್ಡಿಂಗ್ ಸ್ಟುಡಿಯೋದ ಪ್ರಾಣ ಅಂಗೈಯಗಲದ ಒಂದು ಕಪ್ಪು ಡಿಸ್ಕಿನಲ್ಲಿತ್ತು. ದೊಡ್ಡಕ್ಕ ಎಂದು ಎಲ್ಲರೂ ಕರೆಯುವ ಹಾಡುಗಾರ್ತಿಯ ಹೊಸ ಹಾಡುಗಳೆಲ್ಲ ಅದರಲ್ಲೇ. ಹೊರಗೆ ಸೋರಬಾರದೆಂದು ಯಜಮಾನರು ಇನ್ನೊಂದು ಪ್ರತಿ ಮಾಡಲು ಬಿಟ್ಟಿರಲಿಲ್ಲ. ಮೊದಲು ದೊಡ್ಡಕ್ಕ ಹೇಳದೆ ಕೇಳದೆ ಮನೆ ಬಿಟ್ಟು ಕಾಣೆಯಾದರು. ಹುಡುಕಿ ಹುಡುಕಿ ಸುಸ್ತಾದ ಜನ ಕೆಟ್ಟದ್ದನ್ನೇ ಪಿಸುಗುಟ್ಟಲು ಶುರು ಮಾಡಿದ್ದರು. ಅಷ್ಟರಲ್ಲಿ ಕಳೆದ ವಾರ, ಬುಧವಾರ ಊಟದ ಹೊತ್ತಿನಲ್ಲಿ, ಡಿಸ್ಕೂ ಕಾಣೆಯಾಯಿತು.

ಡಿಸ್ಕ್ ಇಟ್ಟಿದ್ದ ಉಗ್ರಾಣದ ಬೀಗಕ್ಕೆ ಎರಡೇ ಕೀಲಿಕೈ. ಒಂದು ಯಜಮಾನರದು, ಅಂದು ಅವರು ಊರಲ್ಲೇ ಇರಲಿಲ್ಲ. ಇನ್ನೊಂದು ಅಜ್ಜಿಯ ಮೊಮ್ಮಗಳದು. ಆ ಹುಡುಗಿ ಅಲ್ಲಿ ಸಹಾಯಕಿ. ಊಟಕ್ಕೆ ಒಬ್ಬಳೇ ತಾರಸಿಗೆ ಹೋಗಿದ್ದೆ ಎನ್ನುತ್ತಾಳೆ, ನೋಡಿದವರಿಲ್ಲ. ಉಗ್ರಾಣಕ್ಕೆ ಹೋಗುವ ಯಾರೇ ಆಗಲಿ, ಹಾಡಿನ ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮಾಸ್ಟರ್ ಕುರ್ಚಿಯ ಹಿಂದಿನಿಂದಲೇ ಹೋಗಬೇಕು. ಕಳ್ಳತನದ ಅವಸರದಲ್ಲಿ ಯಾರೋ ಅಲ್ಲಿದ್ದ ಮೈಕಿನ ಕಬ್ಬಿಣದ ಸ್ಟ್ಯಾಂಡುಗಳನ್ನು ಸಾಲಾಗಿ ಕೆಡವಿ ಹೋಗಿದ್ದರು. ಮಾಸ್ಟರ್ ಮಾತ್ರ ಹೇಳಿದ್ದು ಇಷ್ಟೇ:

“ಪ್ಲೇನರ್ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ. ಹಿಂದೆ ಆಕಾಶ ಕಳಚಿ ಬಿದ್ದಿದ್ರೂ ನಂಗೆ ಕೇಳಿಸ್ತಿರಲಿಲ್ಲ.”

ಆ ಒಂದು ಮಾತಿನ ಮೇಲೆ, ಬೇರೆ ಯಾರೂ ಬಂದ ಸಾಕ್ಷಿಯಿಲ್ಲವೆಂದು, ಯಜಮಾನರು ಹುಡುಗಿಯನ್ನು ಕಳ್ಳಿ ಎಂದು ಕೆಲಸದಿಂದ ತೆಗೆದಿದ್ದರು. ಇವತ್ತು ಸಂಜೆ ಯಜಮಾನರು ಪೋಲೀಸರಿಗೆ ದೂರು ಕೊಡುವವರಿದ್ದರು. ಕಳ್ಳಿ ಎಂಬ ಹೆಸರು ಒಮ್ಮೆ ಅಂಟಿದರೆ ಇನ್ನು ಯಾವ ಸ್ಟುಡಿಯೋದ ಬಾಗಿಲೂ ಅವಳಿಗೆ ತೆರೆಯುವುದಿಲ್ಲ.

“ಸ್ಟುಡಿಯೋ ಮಾಸ್ಟರ್ ಹತ್ರ ಇರೋ ಥರದ್ದೇ ಬೇಕು,” ಪತ್ತೆ ಅತ್ತೆ ಅಂಗಡಿಯಾಕೆಗೆ ಬಂದ ಕೂಡಲೇ ಹೇಳಿದ್ದಳು. “ಆದರೆ ಭಾವನ ಜೇಬಿಗೆ ತೂತು ಬೀಳಬಾರದು.”

“ಮಾಸ್ಟರ್ ತಗೊಂಡಿದ್ದೂ ಜೇಬು ನೋಡ್ಕೊಂಡೇ. ನಾನೇ ಮಾರಿದ್ದು,” ಎಂದು ಆಕೆ ಮೂರು ಹೆಡ್‌ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಸಾಮ್ರಾಜ್ಯ. ಗೋಡೆ ತುಂಬ ಗೂಟಗಳು, ಗೂಟಗಳ ತುಂಬ ವೈರುಗಳು, ಮೂಲೆಯಲ್ಲಿ ರಿಪೇರಿಯ ಬೆಂಚು. ಗಟ್ಟಿಗಿತ್ತಿ, ಗಿರಾಕಿಯನ್ನು ಗದರಿಸಿಯೇ ವ್ಯಾಪಾರ ಮಾಡುವವಳು.

“ಏನಿದು ಪ್ಲೇನರ್ ಅಂದ್ರೆ?” ಪತ್ತೆ ಅತ್ತೆ ಕೇಳಿದಳು. “ದಡ್ಡಿಗೆ ಹೇಳೋ ಹಾಗೆ ಹೇಳಿ.”

“ಮಾಮೂಲಿ ಹೆಡ್‌ಫೋನಲ್ಲಿ ಒಂದು ಪುಟ್ಟ ಕೋನು ಇರುತ್ತೆ. ಅದರ ಬೆನ್ನಿಗೆ ತಂತಿ ಸುರುಳಿ. ಸುರುಳಿ ನಡುವನ್ನ ತಳ್ಳುತ್ತೆ, ಅಂಚು ಎಳಕೊಂಡು ಹಿಂದೆ ಬರುತ್ತೆ. ಇದರಲ್ಲಿ ಕೋನೇ ಇಲ್ಲ. ಈರುಳ್ಳಿ ಪೊರೆಗಿಂತ ತೆಳುವಾದ ಒಂದು ಹಾಳೆ, ಅದರ ಮೇಲೆ ತಂತಿಯ ಗೆರೆ ಎಳೆದಿರ್ತಾರೆ. ಆಚೆ ಈಚೆ ಅಯಸ್ಕಾಂತ. ಕರೆಂಟು ಹರಿದರೆ ಹಾಳೆ ಪೂರ್ತಿ ಒಟ್ಟಿಗೆ ಅಲುಗುತ್ತೆ. ಅದಕ್ಕೇ ಸದ್ದು ಅಷ್ಟು ಬಿಡಿಬಿಡಿಯಾಗಿ ಕೇಳೋದು.”

“ಹಲ್ಲಿನ ಸಾಲು ಪೂರ್ತಿ ಒಟ್ಟಿಗೆ ಅಲುಗಿದರೆ ನಮ್ಮಲ್ಲಿ ಅದನ್ನ ಕಾಯಿಲೆ ಅಂತೀವಿ,” ಭಾವ ಹೇಳಿದರು.

“ಹಿಂದೆ ಈ ಜಾಲರಿ ಯಾಕೆ?” ಪತ್ತೆ ಅತ್ತೆ ಬಟ್ಟಲಿನ ಬೆನ್ನು ಮುಟ್ಟಿ ಕೇಳಿದಳು.

“ಹಾಳೆ ಉಸಿರಾಡಬೇಡ್ವಾ?” ಎಂದಷ್ಟೇ ಹೇಳಿ ಆಕೆ ಭಾವನ ಕಡೆ ತಿರುಗಿದ್ದಳು.

ಮೊದಲನೆಯದು ಎಲ್ಲಕ್ಕಿಂತ ಅಗ್ಗ. ಹಾಕಿಕೊಂಡ ಭಾವ ಕತ್ತನ್ನು ಅತ್ತ ಇತ್ತ ಹೊರಳಿಸಿ, “ತಲೆ ಮೇಲೆ ಇಟ್ಟಿಗೆ ಹೊತ್ತ ಹಾಗಿದೆ,” ಎಂದರು.

“ಹಾಗಾದ್ರೆ ಬೇಡ. ಸದ್ದು ಎಷ್ಟೇ ಚೆನ್ನಾಗಿರಲಿ, ಅರ್ಧ ಗಂಟೆಗೆ ತೆಗೆದಿಡೋ ಹೆಡ್‌ಫೋನ್ ತಗೊಂಡು ಏನು ಮಾಡ್ತೀರಿ?”

ಎರಡನೆಯದು ಹಗುರ, ಆದರೆ ಕಿವಿಯ ಮೆತ್ತೆ ಚಿಕ್ಕದು. ಕಿವಿಯ ತುದಿ ಹೊರಗೇ ಉಳಿಯಿತು. ಮೂರನೆಯದು ಕೂತ ಹಾಗೆ ಕೂತಿತು. ಮಾಸ್ಟರದೂ ಅದೇ ಮಾಡೆಲ್ಲು. ಅದನ್ನೇ ಭಾವ ಫೋನಿಗೆ ಚುಚ್ಚಿಕೊಂಡು ಈಗ ಕಹಿ ಮುಖ ಮಾಡಿ ಕೂತಿದ್ದದ್ದು.

“ಡಬ್ಬದ ಮೇಲೆ ಓಮ್ ಕಡಿಮೆ ಅಂತ ಬರೆದಿದೆಯಲ್ಲಮ್ಮ,” ಅವರು ಡಬ್ಬವನ್ನು ತಿರುಗಿಸಿ ತಿರುಗಿಸಿ ಓದಿದರು. “ಓಮ್ ಕಡಿಮೆ ಇದ್ರೆ ಫೋನೇ ಸಾಕು ಅಂತ ಇಂಟರ್‌ನೆಟ್‌ನಲ್ಲಿ ಇತ್ತು.”

“ಇಂಟರ್‌ನೆಟ್ ನಿಮಗೆ ಅರ್ಧ ಹೇಳಿದೆ. ಓಮ್ ಅಂದ್ರೆ ಕರೆಂಟಿಗೆ ಅದು ಒಡ್ಡೋ ತಡೆ. ಅದೊಂದನ್ನೇ ನೋಡಿದರೆ ಮೋಸ ಹೋಗ್ತೀರಿ. ಅದರ ಕೆಳಗಿನ ಸಾಲು ಓದಿ, ಸೆನ್ಸಿಟಿವಿಟಿ. ಕೊಟ್ಟ ಶಕ್ತಿಗೆ ಎಷ್ಟು ಸದ್ದು ಹೊರಡಿಸುತ್ತೆ ಅನ್ನೋದು. ಇದರದು ಕಡಿಮೆ. ಹಾಳೆ ಮಹಾ ಸೋಮಾರಿ. ಧಾರಾಳವಾಗಿ ಕರೆಂಟು ಸುರಿದರೆ ಏಳುತ್ತೆ, ಇಲ್ಲಾಂದ್ರೆ ಮಲಗೇ ಹಾಡುತ್ತೆ. ನಿಮ್ಮ ಫೋನು ಅಷ್ಟು ಕರೆಂಟು ಎಲ್ಲಿಂದ ತರುತ್ತೆ?”

ಭಾವನ ಕಣ್ಣು ಆಗಲೇ ಕಪಾಟಿನ ಮೇಲಿದ್ದ ಒಂದು ಆಂಪ್ಲಿಫೈಯರಿನ ಮೇಲೆ ಹೋಗಿತ್ತು. ಗಾಜಿನ ಕೊಳವೆಗಳು ಕೆಂಡದಂತೆ ಮಿನುಗುತ್ತಿದ್ದವು, ಅರಮನೆಯ ಗೋಪುರದ ಹಾಗೆ.

“ಅದು?”

“ನೋಡೋಕೆ ಚೆಂದ. ನಿಮಗೆ ಬೇಡ.”

“ಯಾಕಮ್ಮ, ನನ್ನ ಮುಖ ಅಷ್ಟು ಕೆಟ್ಟದಾಗಿದೆಯಾ?”

“ಮುಖದ ವಿಷಯ ಅಲ್ಲ. ಆ ಥರದ್ದು ಸಾಮಾನ್ಯವಾಗಿ ಓಮ್ ಜಾಸ್ತಿ ಇರೋ ಹೆಡ್‌ಫೋನಿಗೆ ಸರಿಹೋಗುತ್ತೆ. ಇದಕ್ಕೆ ಬೇಕಾದ್ದು ಕರೆಂಟು ತಡೆಯದೆ ಕೊಡೋ ಒಂದು ಸಾದಾ ಪೆಟ್ಟಿಗೆ. ಹೆಡ್‌ಫೋನಿಗೆ ಹೆಚ್ಚು ಖರ್ಚು ಮಾಡಿ, ಆಂಪಿಗೆ ಕಡಿಮೆ. ಉಲ್ಟಾ ಮಾಡೋರೇ ಜಾಸ್ತಿ.” ಆಕೆ ರಿಪೇರಿ ಬೆಂಚಿನಿಂದ ಪುಸ್ತಕದಷ್ಟು ದಪ್ಪದ ಒಂದು ಬೂದುಬಣ್ಣದ ಪೆಟ್ಟಿಗೆಯನ್ನು ತಂದು ವೈರು ಸಿಕ್ಕಿಸಿದಳು. “ನಾನು ತೋರಿಸೋಕೆ ಇಟ್ಟಿದ್ದನ್ನ ಯಾರೋ ಒಯ್ದಿದಾರೆ. ಇದು ರಿಪೇರಿಗೆ ಬಂದಿದ್ದು, ಅದೇ ಮಾಡೆಲ್ಲು. ಸರಿಮಾಡಿ ಇಟ್ಟಿದೀನಿ, ಒಡೆಯರು ಈ ಕಡೆ ತಲೆ ಹಾಕಿಲ್ಲ. ಈಗ ಕೇಳಿ.”

ಪೆಟ್ಟಿಗೆಯ ಸದ್ದು ಏರಿಸುವ ಗುಬುಟನ್ನು ಆಕೆ ನಿಧಾನವಾಗಿ ತಿರುಗಿಸಿದಳು.

ಭಾವನ ಮುಖದ ಮೇಲೆ ಮೊದಲು ಹುಬ್ಬುಗಳು ಎದ್ದವು. ಆಮೇಲೆ ಭುಜಗಳು ಇಳಿದವು. ಬಾಯಿ ತಾನಾಗಿಯೇ ತೆರೆದುಕೊಂಡಿತು. ಇಷ್ಟು ವರ್ಷ ಇನ್ನೊಬ್ಬರ ಬಾಯಿ ತೆರೆಸಿದವರು ತಮ್ಮದನ್ನು ಮುಚ್ಚಲು ಮರೆತೇಬಿಟ್ಟರು. ಅದು ದೊಡ್ಡಕ್ಕನ ಹಳೆಯ ಹಾಡು. ಅವರು ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದರು, ಈ ಲೋಕ ಬಿಟ್ಟರು.

ಪತ್ತೆ ಅತ್ತೆ ಅಂಗಡಿಯಾಕೆಯ ಪಕ್ಕ ಬಾಗಿ, ಪಿಸುದನಿಯಲ್ಲಿ ಹೇಳಿದಳು: “ಇವರು ಹಾಡು ಮುಗಿಸೋ ಹೊತ್ತಿಗೆ ನನ್ನ ಕೂದಲು ನೆರೆಯುತ್ತೆ.”

“ಆಗಲೇ ನೆರೆದಿದೆ,” ಭಾವ ಕಣ್ಣು ಬಿಡದೆ ಹೇಳಿದರು.

ಅಂಗಡಿಯಾಕೆ ನಕ್ಕಳು. ಪತ್ತೆ ಅತ್ತೆ ನಗಲಿಲ್ಲ. ಅವಳು ಸಟ್ಟನೆ ಭಾವನ ಕಡೆ ತಿರುಗಿದಳು.

“ಭಾವ, ನಾನು ಹೇಳಿದ್ದು ನಿಮಗೆ ಕೇಳಿಸ್ತಾ?”

“ಕೇಳಿಸದೆ ಏನು? ಕೆಳಗಡೆ ಯಾರೋ ಕನ್ನಡಕದ ಡಬ್ಬಿ ಟಪ್ ಅಂತ ಮುಚ್ಚಿದ್ದೂ ಕೇಳಿಸ್ತು.”

ಆಗ ಅವಳ ಗಮನಕ್ಕೆ ಇನ್ನೊಂದೂ ಬಂತು. ಭಾವನ ಕಿವಿಯ ಮೇಲಿದ್ದ ದೊಡ್ಡಕ್ಕನ ಹಾಡು ತನಗೂ ಕೇಳುತ್ತಿತ್ತು, ಪಕ್ಕದ ಮನೆಯಲ್ಲಿ ಯಾರೋ ಹಾಡಿಕೊಂಡಂತೆ, ಸಣ್ಣಗೆ.

“ಈ ಜಾಲರಿ...” ಎಂದಳು.

“ಹಿಂಬದಿ ತೆರೆದದ್ದು ಅಂತ ಕರೀತಾರೆ,” ಅಂಗಡಿಯಾಕೆ ಹೇಳಿದಳು. “ಕಿಟಕಿ ತೆಗೆದ ಮನೆ ಇದ್ದ ಹಾಗೆ. ಒಳಗಿನದು ಹೊರಗೆ ಹೋಗುತ್ತೆ, ಹೊರಗಿನದು ಒಳಗೆ ಬರುತ್ತೆ. ಅದಕ್ಕೇ ಹಾಡು ಅಷ್ಟು ವಿಶಾಲವಾಗಿ ಕೇಳೋದು. ಬಸ್ಸಲ್ಲಿ, ಆಫೀಸಲ್ಲಿ ಹಾಕ್ಕೊಳ್ಳೋರಿಗೆ ಹಿಂಬದಿ ಮುಚ್ಚಿರೋದನ್ನೇ ಕೊಡ್ತೀನಿ. ಇದು ಮನೆಗೆ, ಶಾಂತ ಕೋಣೆಗೆ.”

“ಆಕಾಶ ಕಳಚಿ ಬಿದ್ದರೆ?”

“ಧಾರಾಳವಾಗಿ ಕೇಳಿಸುತ್ತೆ.”

ಪತ್ತೆ ಅತ್ತೆಗೆ ಅಜ್ಜಿಯ ಮನೆಗೆ ಓಡಿಹೋಗಬೇಕೆನ್ನಿಸಿತು. ಆದರೆ ಖುಷಿಯಾದಾಗಲೇ ಇನ್ನೊಮ್ಮೆ ಕೆದಕಿ ನೋಡುವುದು ಅವಳ ಹಳೆಯ ಚಾಳಿ. “ಆ ಗುಬುಟನ್ನ ಪೂರ್ತಿ ತಿರುಗಿಸಿ ನೋಡೋಣ,” ಎಂದಳು.

ಭಾವ ಒಂದೇ ಏಟಿಗೆ ಕುರ್ಚಿಯಿಂದ ಎದ್ದರು. ಹಾಡು ಈಗ ಅಂಗಡಿಯ ತುಂಬ. ಪತ್ತೆ ಅತ್ತೆ ಅವರ ಬೆನ್ನ ಹಿಂದೆ ನಿಂತು ಜೋರಾಗಿ ಕೂಗಿದಳು. ಅವರು ತಿರುಗಲಿಲ್ಲ.

ಅವಳ ಮುಖ ಬಾಡಿತು. ಜೋರಾಗಿ ಹಾಕಿದ್ದೆ ಎಂದು ಮಾಸ್ಟರ್ ಒಂದು ಮಾತು ಹೇಳಿದರೆ ಮುಗಿಯಿತು. ಸಂಜೆಗೆ ದೂರು, ನಾಳೆಗೆ ಹುಡುಗಿಯ ಮನೆ ಬಾಗಿಲಿಗೆ ಪೋಲೀಸು. ಅಜ್ಜಿಗೆ ಕೊಟ್ಟ ಮಾತು ನೀರಿನ ಮೇಲಿನ ಗುಳ್ಳೆ.

ಅವಳು ಸೋತ ಕಣ್ಣಿನಿಂದ ಆ ಬೂದು ಪೆಟ್ಟಿಗೆಯನ್ನೇ ನೋಡುತ್ತ ನಿಂತಳು. ಅದರ ಬದಿಯಲ್ಲಿ ಒಂದು ಚೀಟಿ ಅಂಟಿಸಿತ್ತು. ಚೀಟಿಯ ಮೇಲೊಂದು ನೀಲಿ ಮೀನು. ಅದೇ ಮೀನು ಹುಡುಗಿಯ ಕೊರಳಿನ ಗುರುತಿನ ಕಾರ್ಡಿನ ಮೇಲೂ ಇತ್ತು, ಸ್ಟುಡಿಯೋದ ಬಾಗಿಲ ಮೇಲೂ.

“ಇದು ಯಾರದು ಅಂದ್ರಿ?”

“ಹೇಳ್ಲಿಲ್ವಾ? ಅದೇ ನಿಮ್ಮ ಮಾಸ್ಟರ್‌ದು.”

“ಅವರು ತಂದುಕೊಟ್ಟಿದ್ದು ಯಾವಾಗ?”

“ಕಳೆದ ವಾರ ಸೋಮವಾರ. ಒಂದು ಕಡೆ ಕಿವಿಗೆ ಸದ್ದು ಬರ್ತಿಲ್ಲ ಅಂತ. ಅವತ್ತಿಂದ ಇದು ನನ್ನ ಬೆಂಚಿನ ಮೇಲಿಂದ ಇಳಿದಿಲ್ಲ.”

ಸೋಮವಾರ. ಡಿಸ್ಕ್ ಹೋದದ್ದು ಅದೇ ವಾರದ ಬುಧವಾರ.

“ಇದಿಲ್ಲದೆ ಅವರು ಕೇಳಬೇಕಂದ್ರೆ? ಮಿಕ್ಸಿಂಗ್ ಮೇಜಲ್ಲೇ ಒಂದು ತೂತು ಇರುತ್ತಲ್ಲ, ಅದಕ್ಕೆ ಚುಚ್ಚಬಹುದಲ್ವಾ?”

“ಚುಚ್ಚಬಹುದು. ಅವರ ಆ ಹಳೇ ಮೇಜಿಗೆ ಚುಚ್ಚಿದರೆ ಫೋನಿಗಿಂತ ಒಂದು ಕೂದಲು ವಾಸಿ. ಅದು ಸಾಲದು ಅಂತಲೇ ತಾನೆ ನನ್ನ ಹತ್ರ ಬಂದು ಇದನ್ನ ತಗೊಂಡಿದ್ದು.”

ಪತ್ತೆ ಅತ್ತೆ ಭಾವನ ಕಿವಿಯಿಂದ ಹೆಡ್‌ಫೋನನ್ನು ಮೆಲ್ಲಗೆ ತೆಗೆದಳು. “ಇದು ಸರಿಯಾಗಿದೆ. ತಗೊಳ್ಳಿ. ಆಂಪೂ ಇದೇ ಮಾಡೆಲ್ಲಿನ ಹೊಸದು ತಗೊಳ್ಳಿ. ಬೇಗ.”

“ಇನ್ನೊಂದು ಹಾಡು ಕೇಳ್ತೀನಿ ಕಣೇ.”

“ಸ್ಟುಡಿಯೋದಲ್ಲಿ ಕೇಳೋರಂತೆ, ಬನ್ನಿ.” ಅವಳು ಅಂಗಡಿಯಾಕೆಯ ಕಡೆ ತಿರುಗಿದಳು. “ಮಾಸ್ಟರ್ ಆಂಪನ್ನ ನಾವೇ ಅವರಿಗೆ ಮುಟ್ಟಿಸ್ತೀವಿ.”

“ಒಯ್ಯಿರಿ. ನನ್ನ ಬೆಂಚಾದರೂ ಖಾಲಿಯಾಗಲಿ.”

ಸ್ಟುಡಿಯೋದ ಮಿಕ್ಸಿಂಗ್ ಕೋಣೆ ಮಾತನ್ನು ನುಂಗುವ ಕೋಣೆ. ಗೋಡೆಗೆ ಸ್ಪಂಜು, ನೆಲಕ್ಕೆ ದಪ್ಪ ಜಮಖಾನ; ಹೇಳಿದ ಮಾತು ಬಾಯಿಯಿಂದ ಬಿದ್ದಲ್ಲೇ ಮಲಗುತ್ತಿತ್ತು. ಬಾಗಿಲ ಪಕ್ಕದ ಗೂಟದಲ್ಲಿ ಹುಡುಗಿಯ ಹಸಿರು ಕೋಟು ಇನ್ನೂ ನೇತಾಡುತ್ತಿತ್ತು. ಕೆಲಸ ಹೋದ ದಿನ ಅಳುತ್ತ ಓಡಿದವಳು ಅದನ್ನು ಅಲ್ಲೇ ಬಿಟ್ಟಿದ್ದಳು.

ಯಜಮಾನರು ಸೋಫಾದ ತುದಿಯಲ್ಲಿ ಕೂತಿದ್ದರು. ಮಡಿಕೆ ಮುರಿಯದ ಶರಟು, ಹದವಾದ ಮಾತು. “ನೀವು ಬಂದ ಕೆಲಸ ಬೇಗ ಆದರೆ ಒಳ್ಳೇದು. ನಾನು ಸಂಜೆ ಠಾಣೆಗೆ ಹೋಗಬೇಕು.”

“ನಾವೂ ಅದಕ್ಕೇ ಓಡಿ ಬಂದ್ವಿ,” ಪತ್ತೆ ಅತ್ತೆ ಹೇಳಿದಳು.

ಮಾಸ್ಟರ್ ತನ್ನ ಕುರ್ಚಿಯಲ್ಲಿದ್ದ. ಕಿವಿಯ ಸಂದಿಯಲ್ಲಿ ಪೆನ್ಸಿಲು, ಬೆರಳುಗಳು ಮೇಜಿನ ಗುಂಡಿಗಳ ಮೇಲೆ. ಹುಡುಗಿಗೆ ಕೆಲಸ ಕಲಿಸಿದ್ದೆಲ್ಲ ಅವನೇ. ಅವಳನ್ನು ಮರಿ ಎಂದೇ ಕರೆಯುತ್ತಿದ್ದ. ಪತ್ತೆ ಅತ್ತೆ ನೋಡಿದಳು: ಅವನು ಕೋಣೆಯ ಎಲ್ಲ ಕಡೆಗೂ ಕಣ್ಣಾಡಿಸುತ್ತಿದ್ದ, ಆ ಹಸಿರು ಕೋಟೊಂದನ್ನು ಬಿಟ್ಟು.

“ಮಾಸ್ಟ್ರೇ, ನಮ್ಮ ಭಾವ ನಿಮ್ಮ ಹಾಗೇ ಒಂದು ಹೆಡ್‌ಫೋನ್ ತಗೊಂಡ್ರು.”

“ಹೌದಾ?” ಅವನ ಮುಖ ಒಂದು ಕ್ಷಣ ಅರಳಿತು. “ಒಳ್ಳೇ ಆಯ್ಕೆ ಸಾರ್. ಅದರ ಮೆತ್ತೆ ಸ್ವಲ್ಪ ದಿನಕ್ಕೆ ಇನ್ನೂ ಹದವಾಗುತ್ತೆ.”

“ಅದನ್ನೇ ಹಾಕ್ಕೊಂಡು ಕೂತಿದ್ರಲ್ಲ ನೀವು, ಬುಧವಾರ?”

ಅರಳಿದ ಮುಖ ಮುದುಡಿತು. “ಹೂಂ.”

“ಅದಕ್ಕೆ ಹಿಂದೆ ಜಾಲರಿ ಇದೆ. ನಾನು ಪಿಸುಗುಟ್ಟಿದ್ದು ಭಾವನಿಗೆ ಕೇಳಿಸಿಬಿಡ್ತು. ನಿಮಗೆ ಆರೇಳು ಕಬ್ಬಿಣದ ಸ್ಟ್ಯಾಂಡು ಬಿದ್ದಿದ್ದು ಹೇಗೆ ಕೇಳಿಸಲಿಲ್ಲ?”

ಯಜಮಾನರು ಮೊದಲ ಬಾರಿಗೆ ತಲೆಯೆತ್ತಿದರು.

“ಜೋರಾಗಿ ಹಾಕಿದ್ದೆ,” ಮಾಸ್ಟರ್ ಹೇಳಿದ. “ಡ್ರಮ್ಸ್ ನೋಡ್ತಿದ್ದೆ. ಡ್ರಮ್ಸ್ ನೋಡೋವಾಗ ಜೋರಾಗಿ ಹಾಕ್ತೀನಿ.”

“ಈ ಮೇಜಿಗೆ ಚುಚ್ಚಿಕೊಂಡಾ?”

“ಇಲ್ಲ ಇಲ್ಲ, ಇದರಲ್ಲಿ ಜೋರೆಲ್ಲಿ ಬರುತ್ತೆ. ಆಂಪ್ ಇದೆಯಲ್ಲ, ಅದನ್ನ ಪೂರ್ತಿ ಇಟ್ಟಿದ್ದೆ.”

ದಿನವೂ ಮಾಡುವ ಕೆಲಸ, ಮಾಡದ ದಿನವೂ ಮಾಡಿದಂತೆಯೇ ಬಾಯಿಗೆ ಬಂದುಬಿಡುತ್ತದೆ. ಮಾಸ್ಟರಿಗೂ ಹಾಗೇ ಆಯಿತು. ಪತ್ತೆ ಅತ್ತೆ ಚೀಲದಿಂದ ಬೂದು ಪೆಟ್ಟಿಗೆಯನ್ನು ತೆಗೆದು, ನೀಲಿ ಮೀನು ಮೇಲೆ ಕಾಣುವ ಹಾಗೆ, ಅವನ ಮುಂದೆ ಇಟ್ಟಳು.

“ಅಂಗಡಿಯಾಕೆ ಕಳಿಸಿದಾರೆ. ಸರಿಹೋಗಿದೆಯಂತೆ. ನೀವು ಕೊಟ್ಟು ಬಂದ ಸೋಮವಾರದಿಂದ ಅಲ್ಲೇ ಕೂತಿತ್ತಂತೆ.”

ಮಾಸ್ಟರ್ ಪೆಟ್ಟಿಗೆಯ ಕಡೆ ಕೈ ಚಾಚಿ, ಅರ್ಧಕ್ಕೇ ಹಿಂದೆ ಎಳೆದುಕೊಂಡ.

“ಅದರಿಂದ ಏನಾಯ್ತು?” ಯಜಮಾನರು ಕೇಳಿದರು. ಅವರ ಹದವಾದ ದನಿಯಲ್ಲಿ ಸಣ್ಣ ಒಡಕು. “ಮೇಜಿಗೆ ಚುಚ್ಚಿಕೊಂಡಿರ್ತಾನೆ. ಮರೆತಿರ್ತಾನೆ.”

“ನೀವೇ ಕೂತು ನೋಡಿ ಯಜಮಾನ್ರೇ. ಬನ್ನಿ, ಎರಡು ನಿಮಿಷದ ಕೆಲಸ.”

ಅವರಿಗೆ ಎದ್ದು ಬಂದು ಮೇಜಿನ ಬಳಿಯ ಇನ್ನೊಂದು ಕುರ್ಚಿಯಲ್ಲಿ ಕೂರದೆ ದಾರಿಯಿರಲಿಲ್ಲ. ಭಾವ ತಮ್ಮ ಹೊಸ ಹೆಡ್‌ಫೋನನ್ನು, ಮಗುವನ್ನು ಬೇರೆಯವರ ಕೈಗೆ ಕೊಡುವ ಸಂಕಟದಲ್ಲೇ, ಅವರ ತಲೆಗೇರಿಸಿದರು. ಪತ್ತೆ ಅತ್ತೆ ವೈರನ್ನು ಮೇಜಿನ ತೂತಿಗೆ ಚುಚ್ಚಿ, ಗುಬುಟನ್ನು ತಿರುಗುವಷ್ಟೂ ತಿರುಗಿಸಿದಳು. ಹಾಡು ಮಾತಾಡುವ ದನಿಗಿಂತ ಮೇಲೇಳಲಿಲ್ಲ. ಭಾವ ಸದ್ದಿಲ್ಲದೆ ಉಗ್ರಾಣಕ್ಕೆ ಹೋದರು. ಒಂದು ಸ್ಟ್ಯಾಂಡನ್ನು ಎತ್ತಿ, ಕೈಬಿಟ್ಟರು. ಒಂದೇ ಒಂದು.

ಯಜಮಾನರು ಕುರ್ಚಿಯಿಂದ ಒಂದು ಗೇಣು ಹಾರಿದರು.

ಅವರು ಹೆಡ್‌ಫೋನ್ ತೆಗೆದಿಟ್ಟು, ಮಾಸ್ಟರನ್ನೇ ನೋಡುತ್ತ ಸೋಫಾಕ್ಕೆ ಮರಳಿದರು. ಮಾಸ್ಟರ್ ಈಗ ಯಾರನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣು ಕೊನೆಗೂ ಆ ಹಸಿರು ಕೋಟಿನ ಮೇಲೆ ಹೋಗಿ ನಿಂತಿತ್ತು.

“ಮಾಸ್ಟ್ರೇ,” ಪತ್ತೆ ಅತ್ತೆ ಕುರ್ಚಿಯೊಂದನ್ನು ಎಳೆದುಕೊಂಡು ಅವನ ಎದುರು ಕೂತಳು. ದನಿಯಲ್ಲಿ ಗದರಿಕೆ ಇರಲಿಲ್ಲ. “ನೀವು ಕದ್ದಿಲ್ಲ. ನೀವು ಕದ್ದಿದ್ದರೆ ಕೇಳಿಸಲಿಲ್ಲ ಅನ್ನೋ ಬದಲು ಮರಿಯನ್ನೇ ನೋಡಿದೆ ಅಂತಿದ್ರಿ. ಯಾರದೋ ಮಾತು ನಿಮ್ಮ ಬಾಯಿಗೆ ಬೀಗ ಹಾಕಿದೆ. ಅದರ ಬೆಲೆ ಆ ಮಗು ಕೊಡ್ತಿದೆ.”

“ಸಾರ್ ಹೋಗ್ತಾರೆ ಅಂತ ಗೊತ್ತಿರಲಿಲ್ಲ, ಠಾಣೆವರೆಗೂ,” ಅವನು ತೊದಲಿದ. “ಇವತ್ತು ನಾಳೆ ಅವರೇ ಫೋನ್ ಮಾಡ್ತಾರೆ, ಎಲ್ಲಾ ಸರಿಹೋಗುತ್ತೆ ಅಂತ ಕಾದೆ. ದಿನಾ ಕಾದೆ.”

“ಯಾರು?”

“ಹೆಡ್‌ಫೋನ್ ಕೊರಳಲ್ಲಿತ್ತು. ಕಿವಿ ಮೇಲೆ ಇರಲೇ ಇಲ್ಲ. ಸದ್ದು ಕೇಳಿ ತಿರುಗಿದೆ. ಮರಿ ಕೋಟಿನ ಜೇಬಿಂದ ಕೀಲಿಕೈ ತಗೊಂಡು ಹೋಗಿದಾರೆ. ಡಿಸ್ಕನ್ನ ಎದೆಗೆ ಒತ್ತಿಕೊಂಡು ಆ ಬಾಗಿಲಲ್ಲಿ ನಿಂತಿದ್ರು.” ಅವನು ಉಸಿರೆಳೆದುಕೊಂಡ. “ದೊಡ್ಡಕ್ಕ.”

ಭಾವ ಉಗ್ರಾಣದ ಬಾಗಿಲಲ್ಲೇ ನಿಂತರು. ಮತ್ತೆ ಎತ್ತಿದ್ದ ಸ್ಟ್ಯಾಂಡನ್ನು ಗೋಡೆಗೆ ಒರಗಿಸಲು ಎರಡು ಸಲ ಪ್ರಯತ್ನಿಸಬೇಕಾಯಿತು. “ಬದುಕಿದಾರಾ?”

“ಬದುಕಿದಾರೆ ಸಾರ್. ಚೆನ್ನಾಗಿದಾರೆ. ಸ್ವಲ್ಪ ಸೊರಗಿದಾರೆ, ಆದರೆ ನಕ್ಕರು. ನನ್ನ ತಲೆ ಸವರಿದ್ರು.”

ಭಾವ ಕನ್ನಡಕ ತೆಗೆದು ಶರಟಿನ ತುದಿಯಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಪತ್ತೆ ಅತ್ತೆಯ ಎದೆಯೊಳಗೂ ಏನೋ ಹಗುರಾಯಿತು. ಊರಿಗೆ ಊರೇ ಮಣ್ಣು ಮಾಡಿ ಮುಗಿಸಿದ್ದ ಹೆಣ್ಣುಮಗಳು, ಹಾಡುಹಗಲಲ್ಲಿ ಈ ಬಾಗಿಲಿನಿಂದ ಬಂದು ಈ ಬಾಗಿಲಿನಿಂದಲೇ ನಡೆದುಹೋಗಿದ್ದಳು.

“ತಮ್ಮ ಹಾಡನ್ನ ತಾವೇ ಯಾಕೆ ಹೊತ್ಕೊಂಡು ಹೋದ್ರು?”

“ನಾನೂ ಅದನ್ನೇ ಕೇಳಿದೆ.” ಮಾಸ್ಟರ್ ಪೆನ್ಸಿಲನ್ನು ಕಿವಿಯಿಂದ ತೆಗೆದು ಕೈಯಲ್ಲಿ ಉರುಳಿಸಿದ. “ಬಾಯಿ ಮೇಲೆ ಬೆರಳಿಟ್ಟು, ನಾನು ಬಂದದ್ದನ್ನ ಯಾರಿಗೂ ಹೇಳಬೇಡ, ನಿನಗೆ ಕೈ ಮುಗೀತೀನಿ ಅಂದ್ರು. ಆಮೇಲೆ ಡಿಸ್ಕನ್ನ ತಟ್ಟಿ, ಒಂದೇ ಮಾತು. ‘ಇದರಲ್ಲಿ ಒಂದು ಹಾಡಿದೆ. ದನಿ ನಂದೇ. ಹಾಡಿದ್ದು ನಾನಲ್ಲ.’”

“ಅಂದ್ರೆ?” ಭಾವ ಕೇಳಿದರು. “ದನಿ ಅವರದೇ ಆದ ಮೇಲೆ ಬೇರೆ ಯಾರು ಹಾಡೋಕೆ ಸಾಧ್ಯ?”

“ಈಗಿನ ಕಾಲದಲ್ಲಿ ದನಿಯನ್ನ ಯಂತ್ರದಲ್ಲೂ ಹೊಲೀಬಹುದು ಸಾರ್. ಆದರೆ ಅದನ್ನ ಮಾಡಿದ್ದು ನಾನಲ್ಲ, ಮರಿಯೂ ಅಲ್ಲ. ಆ ಡಿಸ್ಕನ್ನ ಮುಟ್ಟೋ ಅಧಿಕಾರ ನಮ್ಮಿಬ್ಬರನ್ನ ಬಿಟ್ಟರೆ ಇನ್ನೊಬ್ಬರಿಗೇ...”

ಅಷ್ಟರಲ್ಲಿ ಸೋಫಾದ ಕಡೆಯಿಂದ ಇನ್ನೊಂದು ದನಿ ಎದ್ದಿತ್ತು.

“ಹಲೋ? ಹಲೋ, ಅಮ್ಮಾ, ನಾನು ಸ್ಟುಡಿಯೋದಿಂದ.”

ಯಜಮಾನರು ಫೋನನ್ನು ಕಿವಿಗೆ ಹಿಡಿದು ನಿಂತಿದ್ದರು. ಯಾವಾಗ ಎದ್ದರು, ಯಾವಾಗ ನಂಬರು ಒತ್ತಿದರು, ಯಾರೂ ನೋಡಿರಲಿಲ್ಲ. ಇಷ್ಟು ದಿನ ಆ ಅಜ್ಜಿಯ ಕರೆ ಎತ್ತದವರು, ಬಾಗಿಲಿಗೆ ಬಂದಾಗ ಪುರಸೊತ್ತಿಲ್ಲ ಎಂದು ಕಳಿಸಿದವರು, ಈಗ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು:

“ನಿಮ್ಮ ಮೊಮ್ಮಗಳು ಕದ್ದಿಲ್ಲ ಅಮ್ಮ. ತಪ್ಪು ನಮ್ಮಿಂದಾಯ್ತು. ದೂರು ಗೀರು ಏನೂ ಇಲ್ಲ. ನಾಳೆಯಿಂದ ಕೆಲಸಕ್ಕೆ ಬರಲಿ. ಎಲ್ಲಾ ಇಲ್ಲಿಗೇ ಮುಗಿಸಿಬಿಡೋಣ.”

ಫೋನಿನಿಂದ ಅಜ್ಜಿಯ ದನಿ ಕೋಣೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಬಂತು. “ಇರಿ ಸ್ವಾಮಿ. ಅವಳು ಒಳಗಿದಾಳೆ, ಕರೀತೀನಿ. ಅವಳ ಮುಂದೆ ಇನ್ನೊಂದು ಸಲ ಹೇಳಿ. ಕದ್ದಿಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಿ.”

ಹೆಜ್ಜೆಯ ಸದ್ದು. ಏನೋ ಬಿದ್ದ ಸದ್ದು. ಆಮೇಲೆ ಏದುಸಿರು ಬಿಡುವ ಎಳೆಯ ದನಿಯೊಂದು ಹಲೋ ಎಂದಿತು.

ಯಜಮಾನರು ಬಿಡಿಸಿ ಹೇಳಿದರು.

ಆ ಕಡೆ ಹುಡುಗಿ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಅಜ್ಜಿ ಮಾತ್ರ ನಗುತ್ತಿದ್ದರು. ಮಾಸ್ಟರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭಾವ ನಾದಿನಿಯ ಭುಜ ತಟ್ಟಿ, “ಮಾತು ಉಳಿಸಿಕೊಂಡೆ ಕಣೇ,” ಎಂದರು.

ಪತ್ತೆ ಅತ್ತೆ ತಲೆಯಾಡಿಸಿದಳು. ಅವಳಿಗೂ ಮನಸ್ಸು ತುಂಬಿ ಬಂದಿತ್ತು. ಆದರೆ ಅವಳ ಕಣ್ಣು ಯಜಮಾನರ ಮೇಲೇ ಇತ್ತು. ತಣ್ಣಗಿನ ಆ ಕೋಣೆಯಲ್ಲಿ ಅವರ ಮಡಿಕೆ ಮುರಿಯದ ಶರಟಿನ ಬೆನ್ನು ಒದ್ದೆಯಾಗಿತ್ತು. ಕಾಣೆಯಾದವಳು ಬದುಕಿದ್ದಾಳೆಂಬ ಸುದ್ದಿ ಬಂದಿತ್ತು, ಕಳೆದ ಡಿಸ್ಕಿನ ಜಾಡು ಸಿಕ್ಕಿತ್ತು. ಆದರೂ ದೊಡ್ಡಕ್ಕ ಎಲ್ಲಿದ್ದಾರೆ ಎಂದಾಗಲೀ, ಅದು ಯಾವ ಹಾಡು ಎಂದಾಗಲೀ ಅವರು ಇನ್ನೂ ಕೇಳಿರಲಿಲ್ಲ.